ಮೂರು ಸಲ ಒರೆಸಿದ ಡಿಸ್ಕು

“ಕಂಪನಿಯವರೇ ಸಪೋರ್ಟ್ ನಿಲ್ಲಿಸಿದ ಕಂಪ್ಯೂಟರ್ ನನ್ನ ಮನೇಲೇ! ಊರಿಗೆಲ್ಲ ಬುದ್ಧಿ ಹೇಳೋ ನಾನು ತಲೆ ಎತ್ಕೊಂಡು ಓಡಾಡೋದು ಹೇಗೆ? ಇವತ್ತು ಇದಕ್ಕೊಂದು ಗತಿ ಕಾಣಿಸ್ತೀನಿ!”

ಹೀಗೆಂದು ಬುಧವಾರ ಬೆಳಿಗ್ಗೆ ಗುಡುಗಿದವರು ಸಾಮಾನ್ಯರಲ್ಲ, ಆಫೀಸಿನ ಕಂಪ್ಯೂಟರ್ ವಿಭಾಗದ ಮೇಲ್ವಿಚಾರಕರು. ಹಳೆಯ ಕಂಪ್ಯೂಟರ್ ಕಂಡರೆ ಅವರಿಗೆ ಮೈಯೆಲ್ಲ ಉರಿ. ಹೆಂಡತಿಯ ಕಸೂತಿ ಕೋಣೆಯಲ್ಲಿದ್ದ ಕಂಪ್ಯೂಟರಿಗೋ ಹದಿನಾಲ್ಕು ವರ್ಷ. ಅದಕ್ಕೆ ಇಂಟರ್ನೆಟ್ಟಿನ ಗಾಳಿಯೇ ಸೋಕಿರಲಿಲ್ಲ. ಪಕ್ಕದ ಕಸೂತಿ ಯಂತ್ರಕ್ಕೆ ಚಿತ್ರ ಕಳಿಸುವುದೊಂದೇ ಅದರ ಕೆಲಸ. ಬಾಗಿಲೇ ಇಲ್ಲದ ಮನೆಗೆ ಬೀಗ ಹಾಕಲು ನಮ್ಮ ಸಾಹೇಬರು ಹೊರಟರು.

ಹೆಂಡತಿ ದಾರ ತರಲು ಹೋಗಿದ್ದೇ ತಡ, ಕೆಲಸ ಶುರು! ಮಕ್ಕಳ ಫೋಟೋಗಳನ್ನು ಜೋಪಾನವಾಗಿ ತೆಗೆದಿಟ್ಟರು. ಉಳಿದ ಇನ್ನೂರು ಫೈಲುಗಳು ಏನು ಮಾಡಿದರೂ ತೆರೆಯಲಿಲ್ಲ. “ಕಸ!” ಎಂದು ತೀರ್ಪು ಕೊಟ್ಟು, ಆಫೀಸಿನ ನಿಯಮದಂತೆ ಡಿಸ್ಕನ್ನು ಒಂದಲ್ಲ, ಎರಡಲ್ಲ, ಮೂರು ಸಲ ಒರೆಸಿದರು. ಬ್ರಹ್ಮ ಬಂದರೂ ಅದರಿಂದ ಏನೂ ಮರಳಿ ಸಿಗಬಾರದು, ಅದೇ ನಿಯಮ. ಆಮೇಲೆ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿದರು. ಪರದೆ ಫಳಫಳ ಹೊಳೆಯಿತು. ಹೊಸ ಸಿಸ್ಟಮ್ಮಿನ ಭಾಷೆ ಅರಿಯದ ಕಸೂತಿ ಯಂತ್ರ ಮಾತ್ರ ಕಮಕ್ ಕಿಮಕ್ ಎನ್ನಲಿಲ್ಲ.

ಹೆಂಡತಿ ಬಂದಳು, ನೋಡಿದಳು.

“ನನ್ನ ಡಿಸೈನ್‌ಗಳೆಲ್ಲಿ?”

“ಯಾವ ಡಿಸೈನು?”

“ಆರು ವರ್ಷದಿಂದ ನಾನು ಕೂತು ಬರೆದದ್ದು ರೀ! ಶನಿವಾರ ಶಾಲೆಗೆ ನಲವತ್ತು ಬ್ಯಾಡ್ಜು ಕೊಡ್ಬೇಕು. ಅವರ ಮೊದಲನೇ ಆರ್ಡರು! ತಪ್ಪಿದ್ರೆ ಮತ್ತೆ ಈ ಕಡೆ ತಿರುಗಿಯೂ ನೋಡಲ್ಲ.”

ಸಾಹೇಬರು ಕಪಾಟೆಲ್ಲ ತಡಕಿದರು. ಹಳೆಯ ಸಿಸ್ಟಮ್ಮನ್ನೇ ಮತ್ತೆ ಹಾಕೋಣವೆಂದರೆ ಅದರ ಸಿ.ಡಿ.ಯನ್ನು ಹೋದ ವರ್ಷ ತಾವೇ ಎಸೆದಿದ್ದರು. ಯಂತ್ರದ ಕಂಪನಿಗೆ ಫೋನ್ ಮಾಡಿದರು.

“ಆ ಮಾಡೆಲ್‌ಗೆ ಸಪೋರ್ಟ್ ನಿಲ್ಲಿಸಿ ಎಂಟು ವರ್ಷ ಆಯ್ತು ಸರ್. ಹೊಸದು ತಗೊಳ್ಳಿ,” ಎಂದಿತು ಜೇನಿನಂಥ ದನಿ.

ಆಫೀಸಿನಲ್ಲಿ ದಿನಕ್ಕೆ ಹತ್ತು ಜನಕ್ಕೆ ಇದೇ ಮಾತನ್ನು ಹೀಗೇ ಹೇಳುವವರು ನಮ್ಮ ಸಾಹೇಬರು! ಕೇಳಿಸಿಕೊಳ್ಳುವವರ ಪಾಡು ಏನೆಂದು ಗೊತ್ತಾದದ್ದು ಅವತ್ತೇ.

ಹೆಂಡತಿ ಬೈದಿದ್ದರೆ ಬದುಕಿಕೊಳ್ಳುತ್ತಿದ್ದರು. ಅವಳು ಬೈಯಲಿಲ್ಲ. ಕಣ್ಣೊರೆಸಿಕೊಂಡು ಎರಡು ಸೂಜಿ ತಂದಳು.

“ಕೂತ್ಕೊಳ್ಳಿ.”

ಶಾಲೆಯವರು ಕೊಟ್ಟ ಮಾದರಿಯನ್ನು ಎದುರಿಗಿಟ್ಟುಕೊಂಡು, ಆಫೀಸಿಗೆ ರಜೆ ಹಾಕಿ ಎರಡು ದಿನ ಹೊಲಿದರು. ಅವಳು ಮೂವತ್ತೊಂದು, ಇವರು ಒಂಬತ್ತು. ಲಾಂಛನದ ಗಿಡುಗ ಇವರ ಕೈಯಲ್ಲಿ ಕೋಳಿಯಾಯಿತು, ಒಂದೆರಡರಲ್ಲಿ ಚಪ್ಪಲಿಯೂ ಆಯಿತು! ಆ ಒಂಬತ್ತನ್ನೂ ಅವಳೇ ಬಿಚ್ಚಿ ಮತ್ತೆ ಹೊಲಿದಳು. ಇವರು ಪಕ್ಕದಲ್ಲಿ ಕೂತು ದಾರ ಪೋಣಿಸಿ ಕೊಟ್ಟರು.

ಶನಿವಾರ ಬಂದ ಮುಖ್ಯೋಪಾಧ್ಯಾಯಿನಿ, “ಕೈಕಸೂತಿ! ಎಷ್ಟು ಚೆನ್ನಾಗಿದೆ!” ಎನ್ನುತ್ತ ಬ್ಯಾಡ್ಜುಗಳನ್ನು ಚೀಲಕ್ಕೆ ಹಾಕಿಕೊಂಡರು. ಮೂಲೆಯಲ್ಲಿ ಕೂತಿದ್ದ ಸಾಹೇಬರನ್ನು ಕಂಡು ಅವರ ಮುಖ ಇನ್ನೂ ಅರಳಿತು.

“ಓ, ಸರ್ ಮನೇಲೇ ಇದ್ದೀರಾ! ನಮ್ಮ ಶಾಲೆಯ ಹನ್ನೆರಡು ಕಂಪ್ಯೂಟರೂ ಹಳೇವು. ನೀವು ಒಂದ್ಸಲ ಬಂದು ಕೈಯಾಡಿಸಿದ್ರೆ...”

ಹೆಂಡತಿ ತಲೆ ತಗ್ಗಿಸಿ ದಾರ ಸುತ್ತತೊಡಗಿದಳು. ಸಾಹೇಬರು ಪಟ್ಟಿ ಕಟ್ಟಿದ ಬೆರಳುಗಳಲ್ಲೇ ಕೈಮುಗಿದರು.

“ಬೇಡ ಮೇಡಂ, ಅವು ಹಾಗೇ ತಣ್ಣಗಿರಲಿ. ಮಕ್ಕಳ ಅಂಗಿ ಗುಂಡಿ ಕಿತ್ತುಹೋಗಿದ್ರೆ ಕಳ್ಸಿ, ಹಾಕಿಕೊಡ್ತೀನಿ!”