ಎರಡು ಡಬ್ಬಿ ಬಿಳಿ ಮಣಿ

ಗಂಡಸಿಗೆ ಯಾವುದಾದರೂ ಒಂದು ವಿಷಯ ಚೆನ್ನಾಗಿ ಗೊತ್ತಿದ್ದರೆ ಮನೆಯವರಿಗೆ ಅದಕ್ಕಿಂತ ದೊಡ್ಡ ತ್ರಾಸು ಇನ್ನೊಂದಿಲ್ಲ. ನನಗೆ ಗೊತ್ತಿರುವುದು ಅಧಿಶೋಷಣೆ. ಹೆಸರು ಕೇಳಿ ಹೆದರಬೇಡಿ. ಭಾಲ್ಕಿ ಬಸ್ಸಿನೊಳಗೆ ನುಗ್ಗಿ ಸೀಟು ಹಿಡಿದರೆ ಅದು ಹೀರಿಕೆ. ಒಳಗೆ ಹೋಗದೆ ಬಾಗಿಲಿಗೆ, ಏಣಿಗೆ ಜೋತುಬಿದ್ದರೆ ಅದು ಅಧಿಶೋಷಣೆ. ಬೀದರಿನ ಔಷಧ ಕಾರ್ಖಾನೆಯೊಂದರಲ್ಲಿ ನನ್ನ ಅನ್ನ ಹುಟ್ಟುವುದು ಈ ಜೋತುಬೀಳುವುದರಿಂದಲೇ. ಚಹಾ ಬಣ್ಣದ ದ್ರಾವಣಕ್ಕೆ ಇದ್ದಿಲ ಪುಡಿ ಬೆರೆಸಿ ಸೋಸಿದರೆ ಬಣ್ಣವೆಲ್ಲ ಇದ್ದಿಲಿಗೆ ಅಂಟಿ, ದ್ರಾವಣ ತಿಳಿಯಾಗಿ ಇಳಿಯುತ್ತದೆ. ಗಾಳಿಯ ತೇವ ತೆಗೆಯಲು ಎರಡು ಗೋಪುರಗಳ ತುಂಬ ಸಿಲಿಕಾ ಜೆಲ್ಲಿನ ಬಿಳಿ ಮಣಿಗಳಿವೆ. ಒಂದು ತೇವ ಹಿಡಿಯುತ್ತಿರುವಾಗ ಇನ್ನೊಂದನ್ನು ಕಾಯಿಸಿ, ಹಿಡಿದದ್ದನ್ನು ಬಿಡಿಸುತ್ತೇವೆ. ಒಂದು ಚಮಚ ಮಣಿಯ ಸಂದುಗೊಂದುಗಳನ್ನೆಲ್ಲ ಬಿಡಿಸಿ ಹಾಸಿದರೆ ಸಣ್ಣ ಹೊಲದಷ್ಟು ಜಾಗವಾಗುತ್ತದೆ ಎಂದು ಹೆಂಡತಿಗೆ ಹೇಳಿದ್ದೆ. "ಮೊದಲ ಆ ಹೊಲ ತೋರಸ್ರಿ" ಎಂದಳು.

ಮಳೆಗಾಲ ಬರುವ ಮೊದಲು ಅಂಥ ಮಣಿಗಳನ್ನು ಒಂದು ಕಿಲೋ ಕೊಂಡು ತಂದು ಸ್ಟೀಲ್ ಡಬ್ಬಿಗೆ ಸುರಿದೆ. ಪಕ್ಕದಲ್ಲಿ ಸಾಬುದಾಣಿಯ, ಅಂದರೆ ಸಬ್ಬಕ್ಕಿಯ, ಡಬ್ಬಿ. ಡಬ್ಬಿಯೂ ಅಂಥದ್ದೇ, ಒಳಗಿನ ಕಾಳೂ ಅಂಥದ್ದೇ ಬಿಳಿ ಮಣಿ. "ಚೀಟಿ ಹಚ್ರಿ" ಎಂದಳು ಹೆಂಡತಿ. ಕಾರ್ಖಾನೆಯಲ್ಲಿ ಚೀಟಿಯಿಲ್ಲದ ಬಾಟಲಿ ಕಂಡರೆ ಕೂಗಾಡುವವನು ನಾನು. ಆದರೆ ಮನೆಯಲ್ಲಿ ನನ್ನ ಡಬ್ಬಿ ನನಗೆ ಗೊತ್ತಾಗುವುದಿಲ್ಲವೇ? ಒಂದು ಭಾನುವಾರ ಡಬ್ಬಿ ಖಾಲಿಯಾಗುವ ತನಕ ಬಟ್ಟೆಯಲ್ಲಿ ಸಣ್ಣ ಸಣ್ಣ ಗಂಟು ಕಟ್ಟಿ, ಬೆಲ್ಲದ ಡಬ್ಬಿಗೆ, ಹುರಿದ ಶೇಂಗಾದ ಡಬ್ಬಿಗೆ ಹಾಕಿದೆ. ಪಕ್ಕದ ಮನೆಯ ಖಾದರಸಾಬರಿಗೆ ಕಿವಿ ಮಂದ; ತೇವಕ್ಕೆ ಕೆಡದಿರಲೆಂದು ಅವರ ಕಿವಿ ಮಿಷನ್ನಿನ ಪೆಟ್ಟಿಗೆಗೂ ಒಂದು ಕೊಟ್ಟೆ. ಆ ಮಳೆಗಾಲದಲ್ಲಿ ಬೆಲ್ಲ ನೀರೊಡೆಯಲಿಲ್ಲ, ಶೇಂಗಾ ಮೆತ್ತಗಾಗಲಿಲ್ಲ. ಬಂದವರಿಗೆಲ್ಲ ಶೇಂಗಾ ಕೊಟ್ಟು ಜೊತೆಗೆ ಒಂದು ಉಪನ್ಯಾಸವನ್ನೂ ಕೊಟ್ಟೆ.

ಏಕಾದಶಿಗೆ ಔರಾದದಿಂದ ಅತ್ತೆ ಬಂದರು. ಎಪ್ಪತ್ತು ದಾಟಿದವರು, ಆ ದಿನ ಅವರಿಗೆ ಒಂದೇ ಹೊತ್ತು, ಅದೂ ಸಾಬುದಾಣಿ ಖಿಚಡಿ. ಬೆಳಿಗ್ಗೆ ನೆನೆಹಾಕಲು ಹೋದವರು ಅಡುಗೆಮನೆಯಿಂದಲೇ ಕೂಗಿದರು: "ಅಳಿಯಾರ, ಇಲ್ಲಿ ಬರ್ರಿ! ನಿಮ್ಮ ಮನಿ ಸಾಬುದಾಣಿ ಚಟಪಟ ಅನ್ಲಾಕತ್ಯಾವ!"

ಹೋಗಿ ನೋಡಿದೆ. ನೀರಿನಲ್ಲಿ ಮಣಿಗಳು ಚಟಪಟನೆ ಸಿಡಿದು ಒಡೆಯುತ್ತಿದ್ದವು. ಒಣ ಸಿಲಿಕಾ ಒಮ್ಮೆಲೇ ನೀರು ಹಿಡಿದರೆ ಹಾಗೆಯೇ.

"ಇದು ಸಾಬುದಾಣಿ ಅಲ್ಲ, ಸಿಲಿಕಾ. ಯಾರೋ ಡಬ್ಬಿ ಅದಲಿಬದಲಿ ಮಾಡ್ಯಾರ" ಎಂದು ಹೆಂಡತಿಯ ಕಡೆ ನೋಡಿದೆ.

ಅತ್ತೆ, "ಹಂಗಾರ ನೀವು ಗಂಟು ಕಟ್ಟಿದ್ದು ಏನ್ರಿ?" ಎಂದು ಕೇಳಿದರು.

ಹೆಂಡತಿ ಕತ್ತರಿ ತಂದಳು. ಶೇಂಗಾದ ಡಬ್ಬಿಯ ಗಂಟು ಬಿಚ್ಚಿದರೆ ಸಾಬುದಾಣಿ. ಬೆಲ್ಲದ್ದರಲ್ಲೂ ಅದೇ.

"ಮತ್ತ ಶೇಂಗಾ ಹ್ಯಾಂಗ ಗರಿಗರಿ ಉಳದವು?" ಎಂದೆ, ಅಷ್ಟಾದರೂ ಸೋಲೊಪ್ಪದೆ.

"ಈ ಸಲ ಮಳಿ ಎಲ್ಲಿ ಬಂದದ್ರೀ?" ಎಂದಳು.

ಹಸಿದ ಹಿರಿಯರ ಮುಂದೆ ನಿಂತು ನನಗೆ ನಿಜಕ್ಕೂ ನಾಚಿಕೆಯಾಯಿತು. ಒಂದೊಂದೇ ಗಂಟು ಬಿಚ್ಚಿ, ತೊಳೆದು, ನಾನೇ ನೆನೆಹಾಕಿದೆ. ಮಧ್ಯಾಹ್ನ ಅತ್ತೆ ಖಿಚಡಿಯ ಮೊದಲ ತುತ್ತು ಬಾಯಿಗಿಟ್ಟು, "ಅಳಿಯಾರ ವಿಜ್ಞಾನ ಮೆತ್ತಗ ಬೆಂದದ" ಎಂದರು.

ಉಳಿದದ್ದು ಖಾದರಸಾಬರ ಗಂಟು. ಸತ್ಯ ಹೇಳಿಬಿಡೋಣವೆಂದು ಸಂಜೆ ಅವರ ಮನೆಗೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅವರು ಕೈ ಹಿಡಿದುಕೊಂಡರು. "ಸರ್, ನಿಮ್ಮ ಗಂಟು ಕಮಾಲ್ ಅದರಿ! ಈಗ ಎಲ್ಲಾ ಸಾಫ್ ಕೇಳಸ್ತದ. ಮುಂಜಾನಿ ನಿಮ್ಮ ಅಡಗಿಮನ್ಯಾಗ ಆದ ಮಾತು ಒಂದೂ ಬಿಡಲಾರದ ಕೇಳಸ್ತ್ರಿ."