ಚೆಂಡನ್ನು ಒರಟುಗೊಳಿಸುವ ಬಗ್ಗೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಈ ನಾಲ್ಕೂ ತಾಲ್ಲೂಕುಗಳಿಗೆ ಸೇರಿ ಬೌಲಿಂಗ್ ಚೆಂಡು ಒಂದೇ ಇದ್ದು, ಅದು ಇಂಡಿಯ ನಮ್ಮ ಕ್ರೀಡಾ ಕೇಂದ್ರದ ಕಬ್ಬಿಣದ ಕಪಾಟಿನಲ್ಲಿ ಸುರಕ್ಷಿತವಾಗಿದೆ. ದಾಸ್ತಾನು ವಹಿಯಲ್ಲಿ ಅದರ ವಿವರ ಇಷ್ಟು: ‘ಚೆಂಡು, ಕಪ್ಪು, ನುಣುಪು, ಒಂದು.’ ಬರೆದವನು ನಾನೇ, ಕೇಂದ್ರದ ಗುಮಾಸ್ತ.

ಆಟ ಸರಳ. ಅರವತ್ತು ಅಡಿಯ ಮರದ ಹಾದಿಯ ಮೇಲೆ ಚೆಂಡು ಉರುಳಿಸಿ, ಕೊನೆಯಲ್ಲಿ ನಿಂತ ಹತ್ತು ಗೂಟ ಬೀಳಿಸಬೇಕು. ಹಾದಿಗೆ ಎಣ್ಣೆ ಸವರಿರುತ್ತಾರೆ. ಎಣ್ಣೆ ಹೆಚ್ಚಿದ್ದರೆ ಚೆಂಡಿನ ಮೈಯನ್ನು ಮರಳು ಕಾಗದದಿಂದ ತಿಕ್ಕಿ ಒರಟು ಮಾಡಬೇಕು, ಇಲ್ಲವಾದರೆ ಹಿಡಿತವಿಲ್ಲದೆ ಜಾರುತ್ತದೆ. ಎಣ್ಣೆ ಕಡಿಮೆಯಿದ್ದರೆ ನುಣುಪೇ ಇರಬೇಕು, ಇಲ್ಲವಾದರೆ ಅರ್ಧ ದಾರಿಯಲ್ಲೇ ತಿರುಗಿ ಪಕ್ಕದ ಗಟಾರಕ್ಕೆ ಬೀಳುತ್ತದೆ.

ತಾಂಬಾ ಹಳ್ಳಿಯ ಸಂಘಮಿತ್ರಾ ಈ ಆಟದಲ್ಲಿ ನಮ್ಮಲ್ಲಿ ಎಲ್ಲರಿಗಿಂತ ಮುಂದು. ನಮ್ಮ ಕೇಂದ್ರದಲ್ಲೇ ನಡೆಯುವ ರಾಜ್ಯ ತಂಡದ ಆಯ್ಕೆಗೆ ಎರಡು ವಾರವಿತ್ತು. ವಯಸ್ಸಿನ ಮಿತಿಯ ಪ್ರಕಾರ ಅದು ಅವಳ ಕೊನೆಯ ಅವಕಾಶ. ಹಾದಿಗೆ ಆಗಷ್ಟೇ ಹೊಸ ಎಣ್ಣೆ ಸವರಿದ್ದರು. ಅವಳು ಅಜ್ಜಿ ಸೀತವ್ವನನ್ನು ಕರೆದುಕೊಂಡು ಉಗ್ರಾಣದ ಅನಂತರಾಯರ ಮುಂದೆ ನಿಂತಳು.

“ಸರ್, ಚೆಂಡ ಜಾರಾಕತ್ತೈತ್ರಿ. ಐದ ನಿಮಿಷ ತಿಕ್ಕತೇನ್ರಿ.”

“ತಿಕ್ಕಿದ್ರ ನುಣುಪ ಹೋಗ್ತೈತಿ ತಂಗಿ. ವಹಿಯೊಳಗ ನುಣುಪ ಅಂತ ಐತಿ. ನಾಳೆ ಆಡಿಟಿನವ್ರು ಬಂದ್ರ ನುಣುಪ ಎಲ್ಲಿಂದ ತರ್ಲಿ?”

ಸೀತವ್ವ ನಡುವೆ ಬಾಯಿ ಹಾಕಿದಳು. “ಬೀಸೋಕಲ್ಲ ನುಣುಪಾದ್ರ ನಾವು ಮುಳ್ಳ ಹೊಡಿಸಿ ಒರಟ ಮಾಡಸ್ತೇವ್ರಿ. ಯಾರನ್ನ ಕೇಳ್ತೇವಿ?”

“ಬೀಸೋಕಲ್ಲ ನಿಮ್ದು ಆಯಿ. ಚೆಂಡ ಸರ್ಕಾರದ್ದು.”

ಮಾತಿನಲ್ಲಿ ತಪ್ಪಿರಲಿಲ್ಲ. ಅವಳಿಂದ ಅರ್ಜಿ ಬರೆಸಿಕೊಂಡು ನಾನು ಕಡತ ತೆರೆದೆ.

ಮೇಲಿನಿಂದ ಉತ್ತರ ಬಂತು: ‘ಎಣ್ಣೆ ಹೆಚ್ಚಿರುವುದನ್ನು ನಾಲ್ಕು ತಾಲ್ಲೂಕುಗಳ ಜಂಟಿ ಸಮಿತಿಯು ಖುದ್ದು ಪರಿಶೀಲಿಸಿ ಮಾದರಿ ಸಂಗ್ರಹಿಸತಕ್ಕದ್ದು.’ ಸಮಿತಿ ಬಂತು. ಇಂಡಿಯ ಸದಸ್ಯರು ಬೆರಳಿಗೆ ಹಚ್ಚಿ ನೋಡಿ ಮೀಸೆಗೆ ಒರೆಸಿಕೊಂಡರು. ಸಿಂದಗಿಯವರು ಅರಿವೆಯಿಂದ ಅರ್ಧ ಹಾದಿ ಒರೆಸಿ ಸೀಸೆಗೆ ಹಿಂಡಿಕೊಂಡರು. ಮುದ್ದೇಬಿಹಾಳದವರ ಮನೆಯ ಗೇಟು ಕಿರುಗುಟ್ಟುತ್ತಿತ್ತಂತೆ, ಉಳಿದರ್ಧ ಅವರದಾಯಿತು. ಬಸವನಬಾಗೇವಾಡಿಯವರು ತಡವಾಗಿ ಬಂದದ್ದರಿಂದ ಉಗ್ರಾಣದ ಡಬ್ಬಿಯನ್ನೇ ಮಾದರಿಯೆಂದು ಒಯ್ದರು. ‘ಎಣ್ಣೆ ಹೇರಳ’ ಎಂದು ನಾಲ್ವರೂ ಸಹಿ ಮಾಡಿದರು. ಮಾಡುವಾಗ ಕೈಯಲ್ಲಿ ಪೆನ್ನು ಜಾರುತ್ತಿತ್ತಾದ್ದರಿಂದ ವರದಿಯನ್ನು ಅನುಮಾನಿಸಲು ಕಾರಣವಿಲ್ಲ.

ಒರಟು ಮಾಡುವ ಮಂಜೂರಾತಿ ಆಯ್ಕೆಯ ದಿನ ಬೆಳಿಗ್ಗೆ ಕೈಸೇರಿತು.

“ಈಗ ಬ್ಯಾಡ್ರಿ ಸರ್,” ಎಂದಳು ಸಂಘಮಿತ್ರಾ. “ಎಣ್ಣಿ ಹನಿ ಉಳದಿಲ್ಲ. ನುಣುಪ ಇದ್ರನ ಚೊಲೊ.”

“ಹೇರಳ ಐತಿ ಅಂತ ನಾಕ ಸಹಿ ಅದಾವ. ಅರ್ಜಿ ಕೊಟ್ಟಾಕಿ ನೀನ ಅಲ್ಲೇನು?” ಎಂದ ಅನಂತರಾಯರು ಅಂಗಿಯ ತೋಳು ಮಡಚಿ ಮುಕ್ಕಾಲು ತಾಸು ತಾವೇ ಚೆಂಡು ತಿಕ್ಕಿದರು. ನನ್ನ ಹನ್ನೊಂದು ವರ್ಷದ ಸೇವೆಯಲ್ಲಿ ಅವರ ಬೆವರನ್ನು ನಾನು ಕಂಡದ್ದು ಅಂದೇ.

ಆಯ್ಕೆಯಲ್ಲಿ ಅವಳು ಉರುಳಿಸಿದ ಚೆಂಡು ಮೂರು ಸಲವೂ ಅರ್ಧ ದಾರಿಯಲ್ಲಿ ತಿರುಗಿ ಗಟಾರಕ್ಕೆ ಬಿತ್ತು. ಹತ್ತೂ ಗೂಟ ನಿಂತೇ ಇದ್ದವು. ಸಂಘಮಿತ್ರಾ ಗೋಡೆಯ ಕಡೆ ಮುಖ ಮಾಡಿ ನಿಂತಳು. ನನಗೆ ನಿಜಕ್ಕೂ ಕೆಡುಕೆನಿಸಿತು.

ಆಯ್ಕೆ ಮಂಡಳಿ ಚಹಾ ಕುಡಿದು ಚರ್ಚಿಸಿತು. ದಾಖಲೆ ಪ್ರಕಾರ ಎಣ್ಣೆ ಹೇರಳ, ಆದೇಶದಂತೆ ಚೆಂಡು ಒರಟು. ಹಾಗಾದರೆ ತಪ್ಪು ಗೂಟಗಳದೇ. ‘ನಿಯಮಾನುಸಾರ ಸಿದ್ಧಪಡಿಸಿದ ಚೆಂಡಿಗೆ ಬೀಳದಿರಲು ಕಾರಣ ತಿಳಿಸಿ’ ಎಂದು ಹತ್ತು ಗೂಟಗಳಿಗೂ ನಾನೇ ನೋಟಿಸು ಅಂಟಿಸಿದೆ. ಏಳು ದಿನ ಕಾದೆವು. ಉತ್ತರ ಬರಲಿಲ್ಲ. ಆದ್ದರಿಂದ ಅವು ಬಿದ್ದಿವೆಯೆಂದು ಭಾವಿಸಿ, ಸಂಘಮಿತ್ರಾಳನ್ನು ರಾಜ್ಯ ತಂಡಕ್ಕೆ ಆರಿಸಲಾಯಿತು.

“ಒಂದೂ ಬಿದ್ದಿಲ್ಲಲ್ರಿ ಸರ್.”

“ಬಿದ್ದಾವ ಅಂತ ಆದೇಶ ಐತಿ. ಬಿದ್ದಿಲ್ಲ ಅನ್ನಾಕ ನಿನ್ನ ಹತ್ರ ಏನ ಕಾಗದ ಐತಿ?” ಎಂದರು ಅನಂತರಾಯರು.

ಅವಳು ಬಹಳ ಹೊತ್ತು ಆ ಆದೇಶವನ್ನೇ ಓದಿದಳು. ಆಮೇಲೆ ನನ್ನ ಹತ್ತಿರ ಬಂದು ಬಿಳಿ ಹಾಳೆ ಕೇಳಿದಳು.

ಈಗ ದಿನವೂ ತಾಂಬಾದ ಬಸ್ಸಿಗೆ ಬಂದು ಎರಡು ತಾಸು ಅಭ್ಯಾಸ ಮಾಡುತ್ತಾಳೆ. ಚೆಂಡಿನ ಕಪಾಟಿನ ಬೀಗ ತೆಗೆಯುವ ಪ್ರಮೇಯವಿಲ್ಲ. ರಾಜ್ಯಮಟ್ಟದ ಗೂಟಗಳಿಗೆ ಮುಂಗಡವಾಗಿ ಕಳಿಸುವ ನೋಟಿಸಿನ ಕರಡು ನಿನ್ನೆ ತೋರಿಸಿದಳು. ತಿದ್ದಲು ನನಗೆ ಒಂದು ತಪ್ಪೂ ಸಿಗಲಿಲ್ಲ.

“ಈಗ ಕೈ ಕುದುರೈತಿ ನೋಡ್ರಿ,” ಎಂದಳು ಪಕ್ಕದಲ್ಲಿ ಕೂತ ಸೀತವ್ವ.