ಮೋನಿಗೆ ನೀರು ಹಾಕಿದ ಪ್ರಯೋಗ

“ಮೂರೇ ದಿನ! ನಾಲ್ಕನೇ ದಿನ ನಿನ್ನ ಮಗಳು ತಾನಾಗೇ ಬಂದು ಟಬ್ಬಿನಾಗೆ ಕುಂತ್ಕಂತಾಳೆ. ಬರೆದಿಟ್ಕೋ!” ಎಂದು ಯೋಗೇಶ್ ಮೇಷ್ಟ್ರು ಸೋಮವಾರ ಬೆಳಿಗ್ಗೆ ಹೆಂಡತಿಯ ಮುಂದೆ ಘೋಷಿಸಿದರು.

“ನಾನ್ಯಾಕೆ ಬರೀಲಿ? ಬರೆಯೋ ಕಾಯಿಲೆ ಇರೋದು ನಿಮಗೆ” ಎಂದು ಅನುಪಮಾ ಚಪ್ಪಲಿ ಮೆಟ್ಟಿಕೊಂಡು ಹೊಸದುರ್ಗದ ಬಸ್ಸಿಗೆ ಓಡಿದಳು. ಅಲ್ಲಿನ ಆಸ್ಪತ್ರೆಯಲ್ಲಿ ಅವಳು ನರ್ಸು. ಮೇಷ್ಟ್ರು ಶ್ರೀರಾಂಪುರದಲ್ಲೇ ಹೈಸ್ಕೂಲಿಗೆ ವಿಜ್ಞಾನ ಹೇಳುವವರು. ಇವರಿಬ್ಬರ ಮಗಳು ಮೋನಿಕಾಗೆ ಎರಡೂವರೆ ವರ್ಷ. ಮೊನ್ನೆಮೊನ್ನೆಯವರೆಗೆ ಅವಳನ್ನು ಬಚ್ಚಲಿಗೆ ಕರೆದೊಯ್ಯುವುದು ಸುಲಭ, ಹೊರಗೆ ತರುವುದೇ ಯುದ್ಧ. ಈಗ ನೀರಿನ ಚೊಂಬು ಕಂಡರೆ ಸಾಕು, ಊರು ಹಾರಿಹೋಗುವಂತೆ ಕಿರುಚುತ್ತಾಳೆ!

ಮೇಷ್ಟ್ರು ಇನ್ನೂರು ಪುಟದ ನೋಟ್‌ಬುಕ್ ತೆರೆದರು. ದಿನಕ್ಕೆ ಒಂದೇ ಅಂಶ ಬದಲಿಸಬೇಕು, ಉಳಿದದ್ದೆಲ್ಲ ಹಾಗೇ ಇರಬೇಕು. ಅದು ಪ್ರಯೋಗದ ಧರ್ಮ.

ಸೋಮವಾರ ಬದಲಾದದ್ದು ನೀರಿನ ಬಿಸಿ. ಶಾಲೆಯ ಲ್ಯಾಬಿನಿಂದ ತಂದ ಥರ್ಮಾಮೀಟರ್ ಅದ್ದಿ ಸರಿಯಾಗಿ ಮೂವತ್ತೇಳು ಡಿಗ್ರಿಗೆ ತಂದರು. ಅಳು: ಒಂಬತ್ತು ನಿಮಿಷ. ಮಂಗಳವಾರ ಜಾಗ ಬದಲಾಯಿತು. ಬಚ್ಚಲಿನ ಟಬ್ಬನ್ನು ನಡುಮನೆಗೆ ತಂದರು. ಮೋನಿ ಒಂದೇ ಒದೆತಕ್ಕೆ ಟಬ್ ಮಗುಚಿದಳು, ಮೇಷ್ಟ್ರು ಜಾರಿ ಕುಂತರು, ಟೀವಿ ರಿಮೋಟ್ ಅಡುಗೆಮನೆಯ ಕಡೆಗೆ ತೇಲಿಕೊಂಡು ಹೋಯಿತು. ಅಳು: ಹದಿನಾಲ್ಕು ನಿಮಿಷ. ಬುಧವಾರ ಸೋಪು ಬಿಟ್ಟು ಕಡಲೆಹಿಟ್ಟು ಹಿಡಿದರು. ಮಗು ಮಂಚದ ಕೆಳಗೆ ನುಗ್ಗಿ ಗೋಡೆಗೆ ಅಂಟಿಕೊಂಡಿತು. ಅಳು: ಇಪ್ಪತ್ತೆರಡು ನಿಮಿಷ!

ಪಕ್ಕದ ಮನೆಯ ಅನುಸೂಯಮ್ಮ ಕಾಂಪೌಂಡಿನಾಚೆ ಕತ್ತು ಚಾಚಿದರು. “ಏನ್ರಿ ಮೇಷ್ಟ್ರೆ, ಶಾಲೆ ಮಕ್ಕಳಿಗೆ ಹೊಡೆಯಂಗಿಲ್ಲ ಅಂತ ಮನೇಲಿ ಶುರು ಹಚ್ಕಂಡ್ರಾ?”

“ಪ್ರಯೋಗ ನಡೀತೈತೆ ಕಣಮ್ಮ!”

“ಮಗಿನ ಮ್ಯಾಲಾ? ಶಿವಶಿವಾ!”

ಇದನ್ನೆಲ್ಲ ಮೇಷ್ಟ್ರು ತಡೆದುಕೊಂಡರು. ತಡೆಯಲಾಗದ್ದು ಬುಧವಾರ ಸಂಜೆ ನಡೆಯಿತು. ಅನ್ನ ಕಲಸಿದ ತಟ್ಟೆ ಹಿಡಿದು “ಬಾ ಮಗ” ಎಂದರೆ ಮೋನಿ ಬರಲಿಲ್ಲ. ದೂರದಲ್ಲೇ ನಿಂತು, ಅಪ್ಪನ ಇನ್ನೊಂದು ಕೈಯಲ್ಲಿ ಚೊಂಬು ಇದೆಯೇ ಎಂದು ಬಗ್ಗಿ ನೋಡಿದಳು. ಕೈ ಖಾಲಿ ಇತ್ತು. ಆದರೂ ಬರಲಿಲ್ಲ! ಅಮ್ಮನ ಸೀರೆಯೊಳಗೆ ಮುಖ ಹುದುಗಿಸಿದಳು. ಅದನ್ನು ಮಾತ್ರ ಮೇಷ್ಟ್ರಿಗೆ ನೋಟ್‌ಬುಕ್ಕಿನಲ್ಲಿ ಬರೆಯಲಾಗಲಿಲ್ಲ.

ಗುರುವಾರ ರಜೆ ಹಾಕಿದರು. ಅನುಪಮಾ ಡ್ಯೂಟಿಗೆ ಹೊರಟ ಸ್ವಲ್ಪ ಹೊತ್ತಿಗೆ ಮೇಷ್ಟ್ರ ಅಪ್ಪ ಜುಂಜಯ್ಯ ಹಟ್ಟಿಯಿಂದ ಬಂದರು. ಅರುವತ್ತು ವರ್ಷ ಕುರಿ ಕಾಯ್ದ ಮನುಷ್ಯ. ಉಣ್ಣೆ ಕತ್ತರಿಸುವ ಕತ್ತರಿಗೆ ಪೇಟೆಯಲ್ಲಿ ಸಾಣೆ ಹಿಡಿಸಿಕೊಂಡು ಬಂದಿದ್ದರು. ಮಗನ ನೋಟ್‌ಬುಕ್ಕಿನ ಗೆರೆಗಳನ್ನು ನೋಡಿ, “ಇದೇನ್ಲಾ, ಜಮೀನಿನ ನಕ್ಷೆನಾ?” ಎಂದರು.

“ನಿನ್ ಮೊಮ್ಮಗಳ ಅಳು, ಅಪ್ಪಯ್ಯ. ಏರ್ತಾನೇ ಐತೆ.”

“ಯಾಕ್ ಅಳ್ತಾಳಂತೆ?”

“ಅದನ್ನೇ ಕಂಡುಹಿಡೀತಿದೀನಿ.”

“ಅವಳನ್ನ ಕೇಳ್ದೇನ್ಲಾ?”

ಮೇಷ್ಟ್ರು ನೋಟ್‌ಬುಕ್ ತಿರುವಿದರು. ಇನ್ನೂರು ಪುಟದಲ್ಲಿ ಅದೊಂದೇ ಇರಲಿಲ್ಲ!

ಜುಂಜಯ್ಯ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡರು. “ಯಾಕವ್ವ, ನೀರು ಹಾಕ್ಕಳಲ್ಲಂತೆ?”

ಮೋನಿ ಎರಡೂ ಕೈಯಿಂದ ತಲೆಗೂದಲನ್ನು ಗಟ್ಟಿಯಾಗಿ ಹಿಡಿದುಕೊಂಡಳು. “ಮೋನಿ ಬ್ಯಾಬ್ಯಾ ಅಲ್ಲ! ಕತ್ರಿ ಬ್ಯಾಡ!”

ಮೇಷ್ಟ್ರಿಗೆ ಸಿಡಿಲು ಹೊಡೆದಂತಾಯಿತು. ಹೋದ ವಾರ ಹಟ್ಟಿಗೆ ಹೋಗಿದ್ದರಲ್ಲ! ಬೆಳಿಗ್ಗೆ ಕುರಿಗಳನ್ನು ಕೆರೆಗೆ ಇಳಿಸಿ ಮೈ ತೊಳೆದಿದ್ದರು, ಬಿಸಿಲಿಗೆ ಒಣಗಿದ ಮೇಲೆ ಉಣ್ಣೆ ಕತ್ತರಿಸಿದ್ದರು. ಮೋನಿಯ ಮುದ್ದಿನ ಕುರಿ ‘ಬ್ಯಾಬ್ಯಾ’ ದಪ್ಪಗೆ ಹೋಗಿ ಬೋಳಾಗಿ ಬಂದಿತ್ತು. ನೀರು ಹಾಕುವುದು ಯಾತಕ್ಕೆ? ಕತ್ತರಿಸುವುದಕ್ಕೆ! ಮಗು ಕಣ್ಣಾರೆ ಕಂಡು ತೀರ್ಮಾನಕ್ಕೆ ಬಂದಿತ್ತು. ಅದರ ತರ್ಕದಲ್ಲಿ ಒಂದು ತಪ್ಪೂ ಇರಲಿಲ್ಲ.

“ಕಾರಣ ಸಿಕ್ತು!” ಮೇಷ್ಟ್ರು ಅಂಗಿ ಕಳಚಿದರು. “ಅವಳ ಮುಂದೆ ನನಗೆ ನೀರು ಹಾಕು ಅಪ್ಪಯ್ಯ. ನೀರು ಬೀಳ್ತೈತೆ, ಕತ್ತರಿ ಬರಲ್ಲ. ಸಿದ್ಧಾಂತ ಢಮಾರ್!”

ಅಂಗಳದಲ್ಲಿ ಮೇಷ್ಟ್ರು ಪಂಚೆಯುಟ್ಟು ಕುಂತರು. ಜುಂಜಯ್ಯ ಚೊಂಬಿನ ಮೇಲೆ ಚೊಂಬು ಸುರಿದರು. ಮೋನಿ ಹೊಸ್ತಿಲ ಮೇಲೆ ಕುಂತು ರೆಪ್ಪೆ ಬಡಿಯದೆ ನೋಡಿದಳು. ಸ್ನಾನ ಮುಗಿಯಿತು. ಮೇಷ್ಟ್ರು ಗೆದ್ದವರಂತೆ ಎರಡೂ ಕೈ ಎತ್ತಿದರು.

“ತಾತ, ಕತ್ರಿ?” ಎಂದಳು ಮೋನಿ.

“ಕತ್ರಿ ಇಲ್ಲ ಮಗ! ನೋಡು, ಅಪ್ಪನ ಕೂದಲು ಹಂಗೇ ಐತೆ!”

ಮೋನಿ ನಂಬಲಿಲ್ಲ. ಹಟ್ಟಿಯಲ್ಲೂ ಮಧ್ಯಾಹ್ನದವರೆಗೆ ಕುರಿಯ ಉಣ್ಣೆ ಹಾಗೇ ಇತ್ತಲ್ಲ! ಅವಳ ಕೈ ಮತ್ತೆ ತಲೆಗೂದಲಿಗೆ ಹೋಯಿತು.

“ಒಂಚೂರು ಕತ್ತರಿಸಿ ತೋರ್ಸಾಣ ಕಣ್ಲಾ. ನೋವಾಗಲ್ಲ ಅಂತ ಗೊತ್ತಾದ್ರೆ ಹೆದರಿಕೆ ಹೋಗ್ತೈತೆ” ಎಂದರು ಜುಂಜಯ್ಯ, ಚೀಲಕ್ಕೆ ಕೈ ಹಾಕುತ್ತ.

ಮೇಷ್ಟ್ರು ಯೋಚಿಸಿದರು. “ತುದಿ ಮಾತ್ರ. ಒಂದು ಸೆಂಟಿಮೀಟರ್.”

ಜುಂಜಯ್ಯನ ಕೈಗೆ ಸೆಂಟಿಮೀಟರಿನ ಪರಿಚಯ ಇರಲಿಲ್ಲ. ಮಗನ ತಲೆಯನ್ನು ಮಂಡಿಯ ನಡುವೆ ಒತ್ತಿ ಹಿಡಿದರು. ಹೊಸ ಸಾಣೆಯ ಕತ್ತರಿ ‘ಕರಕ್’ ಎಂದು ಹಿಂಗುತ್ತಿಗೆಯಲ್ಲಿ ಹೊಕ್ಕು ಹಣೆಯಲ್ಲಿ ಹೊರಬಿತ್ತು! ನಡುವೆ ನೆಟ್ಟಗೆ ಒಂದು ಕಾಲುದಾರಿ!

“ಅಪ್ಪಯ್ಯಾ!!”

ಆಗಲೇ ಕಿಲಕಿಲ ಸದ್ದು ಕೇಳಿತು. ಮೋನಿ ನಗುತ್ತಿದ್ದಳು! ನಾಲ್ಕು ದಿನದಲ್ಲಿ ಅಪ್ಪನನ್ನು ನೋಡಿ ಮೊದಲ ನಗು! ಓಡಿ ಬಂದು ಆ ಕಾಲುದಾರಿಯ ಮೇಲೆ ಪುಟ್ಟ ಬೆರಳು ಎಳೆದಳು. “ಅಪ್ಪ ಬ್ಯಾಬ್ಯಾ! ಇನ್ನೂ!”

ಬೈಯಲು ತೆರೆದ ಬಾಯಿಂದ ಮೇಷ್ಟ್ರು ಅಂದದ್ದು ಇಷ್ಟೇ: “ಇನ್ನೂ ಕತ್ತರಿಸು ಅಪ್ಪಯ್ಯ.”

ಒಂದು ಕತ್ತರಿಗೆ ಒಂದು ನಗು. ಬಲಗಡೆ ಹೋಯಿತು, ಎಡಗಡೆ ಹೋಯಿತು. ಉಳಿದ ತೇಪೆಗಳನ್ನು ಮೇಷ್ಟ್ರು ತಮ್ಮ ರೇಜರಿನಿಂದ ತಾವೇ ಸಮ ಮಾಡಿದರು. “ಅದೂ!” ಎಂದು ಮೋನಿ ಮೀಸೆ ತೋರಿಸಿದಳು. ಹದಿನೆಂಟು ವರ್ಷದ ಮೀಸೆ, ಅದೂ ಹೋಯಿತು! ಮಗು ಅಪ್ಪನ ಬೋಳುತಲೆಗೆ ಕೆನ್ನೆ ಒತ್ತಿ, ಆಮೇಲೆ ತಾನಾಗೇ ನಡೆದು ಹೋಗಿ ಟಬ್ಬಿನಲ್ಲಿ ಕುಂತಿತು. ಅಳು: ಸೊನ್ನೆ!

“ನೀರು ಸಾಲಲ್ಲ, ತಗಂಬಾ” ಎಂದರು ಜುಂಜಯ್ಯ. ಮೇಷ್ಟ್ರು ಸಂಭ್ರಮದಲ್ಲಿ ಬೀದಿ ನಲ್ಲಿಗೆ ಓಡಿದರು. ಬೋಳುತಲೆ, ಇಲ್ಲದ ಮೀಸೆ, ಬರಿಮೈ, ಒದ್ದೆ ಪಂಚೆ, ಹೆಗಲ ಮೇಲೆ ಕೊಡ!

ಅದೇ ಹೊತ್ತಿಗೆ ಬೈಕಿನಲ್ಲಿ ಬಂದವರು ಕನ್ನಡ ಮೇಷ್ಟ್ರು ಗುರುರಾಜ್. ಅಪ್ಪನನ್ನು ಕಳೆದುಕೊಂಡ ಮಗ ಸ್ಮಶಾನದಲ್ಲಿ ಹೇಗೆ ನಿಲ್ಲುತ್ತಾನೋ, ಯೋಗೇಶ್ ಹಾಗೇ ನಿಂತಿದ್ದರು. ಕೊಡ ಹಸಿರು ಪ್ಲಾಸ್ಟಿಕ್ಕಿನದು ಎಂಬುದನ್ನು ಗುರುರಾಜ್ ಗಮನಿಸಲಿಲ್ಲ. ಬೈಕ್ ನಿಲ್ಲಿಸಲೂ ಇಲ್ಲ. ಕೈ ಮುಗಿದು, ಕಣ್ಣೊರೆಸಿಕೊಂಡು, ನೇರ ಶಾಲೆಗೆ!

ಇನ್ನೊಂದು ಗಂಟೆಯಲ್ಲಿ ಹೆಡ್ ಮಾಸ್ಟರ್ ಶಿವಕುಮಾರಪ್ಪ, ಹಿಂದೆ ಗುರುರಾಜ್, ನಡುವೆ ಆಳೆತ್ತರದ ಸೇವಂತಿಗೆ ಹಾರ, ಗೇಟು ತಳ್ಳಿಕೊಂಡು ಬಂದರು. ಜಗಲಿಯಲ್ಲಿ ಕುಂತಿದ್ದ ಜುಂಜಯ್ಯ ಎದ್ದು, “ಬರ್ರಿ ಬರ್ರಿ, ಕುಂತ್ಕಳ್ರಿ” ಎಂದರು.

ಹೆಡ್ ಮಾಸ್ಟರ್ ಎರಡು ಹೆಜ್ಜೆ ಹಿಂದೆ ಸರಿದರು. ಗುರುರಾಜ್ ಕಂಬ ಹಿಡಿದುಕೊಂಡರು.

“ನೀವು… ಹೋಗ್ಲಿಲ್ವಾ?” ಎಂದರು ಹೆಡ್ ಮಾಸ್ಟರ್.

“ಹನ್ನೆರಡರ ಬಸ್ಸಿಗೆ ಹೋಗ್ತೀನಿ ಸಾರ್. ಯಾಕ್ರಿ?”

ಮೇಷ್ಟ್ರು ಓಡಿ ಬಂದು ಪ್ರಯೋಗವನ್ನೆಲ್ಲ ವಿವರಿಸುವಷ್ಟರಲ್ಲಿ ಆಟೋ ಬಂದು ನಿಂತಿತು. ಗುರುರಾಜ್ ಆಸ್ಪತ್ರೆಗೆ ಫೋನು ಮಾಡಿ ‘ಮಾವನವರ ವಿಷಯ ತಿಳೀತು, ಧೈರ್ಯ ತಗೊಳ್ರಿ’ ಎಂದಿದ್ದರಂತೆ. ಅನುಪಮಾ ಅಳುತ್ತ ಇಳಿದಳು. ಜಗಲಿಯ ಮೇಲೆ ಮಾವ ಎಲೆಅಡಿಕೆ ಹಾಕುತ್ತಿದ್ದಾರೆ! ಪಕ್ಕದಲ್ಲಿ ಯಾರೋ ಬೋಳುತಲೆಯವನು ನಿಂತಿದ್ದಾನೆ! ಆ ಯಾರೋ ತನ್ನ ಗಂಡ ಎಂದು ತಿಳಿದಾಗ ಅವಳ ಅಳು ಗಕ್ಕನೆ ನಿಂತಿತು.

“ಅವಳು ಸ್ನಾನ ಮಾಡಿದ್ಲು! ಅಳ್ಲೇ ಇಲ್ಲ! ಬೇಕಾದ್ರೆ ಕೇಳು!” ಎಂದರು ಮೇಷ್ಟ್ರು ಆತುರಾತುರವಾಗಿ.

ಘಮಘಮಿಸುವ ಮೋನಿ ಅಪ್ಪನ ತೋಳಿನಲ್ಲಿದ್ದಳು. ಅವಳು ದಟ್ಟ ಕ್ರಾಪಿನ ಹೆಡ್ ಮಾಸ್ಟರನ್ನು ನೋಡಿದಳು. “ಇವ್ರು ನೀರು ಹಾಕ್ಕಂಡಿಲ್ಲ!” ಎಂದು ಸಾರಿದಳು. ಗುರುರಾಜರ ಗುಂಗುರು ಕೂದಲು ನೋಡಿದಳು. “ಇವ್ರೂ ಇಲ್ಲ!” ಕೊನೆಗೆ ಅಮ್ಮನ ಸೊಂಟದವರೆಗಿನ ಜಡೆಯ ಮೇಲೆ ಕಣ್ಣು ನಿಲ್ಲಿಸಿ, “ತಾತ, ಕತ್ರಿ!” ಎಂದಳು.

ಅನುಪಮಾ ಜಡೆಯನ್ನು ಮೆಲ್ಲಗೆ ಮುಂದಕ್ಕೆಳೆದು ಕೈಯಲ್ಲಿ ಬಿಗಿಯಾಗಿ ಹಿಡಿದಳು. ಗಂಡನ ತಲೆಯನ್ನು ಒಮ್ಮೆ ನೋಡಿ, ಹೆಡ್ ಮಾಸ್ಟರ ಕಡೆ ತಿರುಗಿದಳು.

“ಸಾರ್, ಆ ಹಾರ ವಾಪಸ್ ತಗಂಡ್ ಹೋಗ್ಬ್ಯಾಡ್ರಿ. ನಿಮ್ ಮೇಷ್ಟ್ರು ಇನ್ನೊಂದು ಪ್ರಯೋಗ ಮಾಡಿದ್ರೆ ಇವತ್ತೇ ಬೇಕಾಗ್ತೈತೆ!”